ನಿಮ್ಮ ಅಳತೆ ನಿಮಗೆ ತಿಳಿದಿರಲಿ

ಪಿಯುಸಿ ಮುಗಿಸಿ ಕಾಲೇಜು ಸೇರುತ್ತಿರುವವರಿಗೂ ಪದವಿ ಮುಗಿಸಿ ಮೊದಲ ಕೆಲಸ ಹುಡುಕುತ್ತಿರುವವರಿಗೂ ಒಂದು ಮಾತು ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನಿಮ್ಮ ಕಿವಿಗೆ ಈಗ ಎರಡು ಬಗೆಯ ಉಪದೇಶ ಬೀಳುತ್ತಿರುತ್ತದೆ. ಮನೆಯಲ್ಲಿ ಹಿರಿಯರು ‘ತಗ್ಗಿ ಬಗ್ಗಿ ನಡಿ, ಎಲ್ಲಾ ಗೊತ್ತು ಅಂತ ಮೆರೀಬೇಡ’ ಎನ್ನುತ್ತಾರೆ. ಸಂದರ್ಶನಕ್ಕೆ ತಯಾರು ಮಾಡುವವರು ‘ನಿನ್ನ ಬಗ್ಗೆ ನೀನೇ ಹೇಳಿಕೊಳ್ಳದಿದ್ದರೆ ಇನ್ಯಾರು ಹೇಳ್ತಾರೆ, ಆತ್ಮವಿಶ್ವಾಸ ತೋರಿಸು’ ಎನ್ನುತ್ತಾರೆ. ಇಬ್ಬರೂ ನಿಮ್ಮ ಒಳ್ಳೆಯದನ್ನೇ ಬಯಸುವವರು. ಆದರೆ ಇಬ್ಬರ ಮಾತೂ ನೀವು ನಾಲ್ಕು ಜನರೆದುರು ಹೇಗೆ ಕಾಣಿಸಿಕೊಳ್ಳಬೇಕು ಎಂಬುದಕ್ಕೇ ನಿಂತುಬಿಡುತ್ತದೆ. ನಿಮಗೆ ನಿಜವಾಗಿ ಏನು ಬರುತ್ತದೆ, ಎಷ್ಟು ಬರುತ್ತದೆ ಎಂಬುದನ್ನು ಇಬ್ಬರೂ ಕೇಳುವುದಿಲ್ಲ.

ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ವಯಸ್ಸು ಕಳೆದ ನನಗೆ ಆ ಪ್ರಶ್ನೆಯೇ ಮುಖ್ಯವಾಗಿ ಕಾಣುತ್ತದೆ. ಬುದ್ಧಿ ಸಾಲದೆ ಹಿಂದೆ ಬಿದ್ದವರನ್ನು ನಾನು ಕಂಡಿರುವುದು ಕಡಿಮೆ. ತಮ್ಮ ಬುದ್ಧಿಯ ಅಳತೆಯನ್ನು ತಪ್ಪಾಗಿ ತಿಳಿದು ಕೆಟ್ಟವರನ್ನು ಬಹಳ ಕಂಡಿದ್ದೇನೆ. ಬಾರದ್ದನ್ನು ಬರುತ್ತದೆಂದು ನಂಬಿ ಕಲಿಯುವುದನ್ನು ನಿಲ್ಲಿಸಿದವರು ಕೆಲವರು. ಬರುವುದನ್ನೂ ಬಾರದೆಂದು ನಂಬಿ ಕೈ ಎತ್ತಲು ಹಿಂಜರಿದವರು ಇನ್ನು ಕೆಲವರು. ಈ ಎರಡು ತಪ್ಪಿಗೂ ಮದ್ದು ಒಂದೇ, ಅದರ ಹೆಸರು ವಿನಯ. ವಿನಯವೆಂದರೇನು ಎಂಬುದನ್ನು ಮಾತ್ರ ಸರಿಯಾಗಿ ತಿಳಿದುಕೊಳ್ಳಬೇಕು.

ಮೊದಲು ಒಂದು ಅಧ್ಯಯನದ ಬಗ್ಗೆ ಹೇಳುತ್ತೇನೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಡೇವಿಡ್ ಡನ್ನಿಂಗ್ ಮತ್ತು ಜಸ್ಟಿನ್ ಕ್ರೂಗರ್ 1999ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳಿಗೆ ವ್ಯಾಕರಣ, ತರ್ಕ ಮತ್ತು ಹಾಸ್ಯಪ್ರಜ್ಞೆಯ ಪರೀಕ್ಷೆಗಳನ್ನು ಕೊಟ್ಟು, ಉಳಿದವರಿಗೆ ಹೋಲಿಸಿದರೆ ನೀವೆಲ್ಲಿ ನಿಲ್ಲುತ್ತೀರಿ ಎಂದು ಅವರನ್ನೇ ಕೇಳಿದರು. ಅತಿ ಕಡಿಮೆ ಅಂಕ ಪಡೆದ ಕಾಲು ಭಾಗದವರು ನಿಜಕ್ಕೂ ನೂರರಲ್ಲಿ 12 ಜನರನ್ನು ಮಾತ್ರ ಹಿಂದಿಕ್ಕುವಂತಿದ್ದರು. ಅವರ ಊಹೆಯಲ್ಲಿ ಅವರು ಹಿಂದಿಕ್ಕಿದ್ದು 62 ಜನರನ್ನು. ಕಾರಣ ಯೋಚಿಸಿ ನೋಡಿ. ಒಂದು ವಾಕ್ಯದಲ್ಲಿ ವ್ಯಾಕರಣದ ತಪ್ಪಿದೆಯೆಂದು ಹಿಡಿಯಲು ವ್ಯಾಕರಣ ಬರಬೇಕು. ಅದು ಬಾರದವನಿಗೆ ತಪ್ಪು ವಾಕ್ಯವೂ ಸರಿಯಾಗಿಯೇ ಕಾಣುತ್ತದೆ. ಸರಿಯಾಗಿ ಬರೆಯುವುದಕ್ಕೂ ಬರೆದದ್ದು ಸರಿಯೇ ಎಂದು ನೋಡುವುದಕ್ಕೂ ಬೇಕಾದ ತಿಳಿವಳಿಕೆ ಒಂದೇ ಆದ್ದರಿಂದ, ಅದಿಲ್ಲದವನಿಗೆ ಅದರ ಕೊರತೆಯೂ ತಿಳಿಯುವುದಿಲ್ಲ.

ಈ ಅಧ್ಯಯನದ ಹೆಸರು ಹಿಡಿದು ಬೇರೆಯವರನ್ನು ದಡ್ಡರೆಂದು ಜರೆಯುವುದು ಈಗ ರೂಢಿಯಾಗಿದೆ. ನೀವು ಆ ದಾರಿಗೆ ಹೋಗಬೇಡಿ. ಅಂಕಿಅಂಶಗಳನ್ನು ಲೆಕ್ಕ ಹಾಕುವ ರೀತಿಯಿಂದಲೇ ಈ ಫಲಿತಾಂಶದ ಒಂದಂಶ ಹುಟ್ಟುತ್ತದೆ ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಆ ಚರ್ಚೆ ಇನ್ನೂ ನಡೆದಿದೆ. ಅದಕ್ಕಿಂತ ಮುಖ್ಯವಾಗಿ, ಆ ಕೆಳಗಿನ ಗುಂಪು ಎಂಬುದು ಎಲ್ಲೋ ಇರುವ ಬೇರೆ ಜನರದ್ದಲ್ಲ. ತರ್ಕದಲ್ಲಿ ಮುಂದಿರುವ ಹುಡುಗಿ ಅಡುಗೆಯಲ್ಲಿ ಹಿಂದಿರಬಹುದು. ಗಣಿತದಲ್ಲಿ ಮೊದಲಿಗನಾದವನು ಇನ್ನೊಬ್ಬರ ಮನಸ್ಸು ತಿಳಿಯುವುದರಲ್ಲಿ ಕೊನೆಯವನಾಗಿರಬಹುದು. ನಾವೆಲ್ಲರೂ ಯಾವುದೋ ಒಂದು ವಿಷಯದಲ್ಲಿ ಆ ಕಾಲು ಭಾಗಕ್ಕೆ ಸೇರಿದವರೇ. ಯಾವ ವಿಷಯದಲ್ಲಿ ಎಂಬುದು ನಮ್ಮಷ್ಟಕ್ಕೆ ನಮಗೆ ಹೊಳೆಯುವುದಿಲ್ಲ, ಅಷ್ಟೆ.

ಅದೇ ಅಧ್ಯಯನದ ಇನ್ನೊಂದು ಭಾಗದ ಮಾತು ಹೊರಗೆ ಅಷ್ಟಾಗಿ ಬರುವುದಿಲ್ಲ. ನಿಮ್ಮಲ್ಲಿ ಅನೇಕರಿಗೆ ಬೇಕಾದದ್ದು ಅದೇ. ಅತಿ ಹೆಚ್ಚು ಅಂಕ ಪಡೆದವರು ತಮ್ಮ ಸ್ಥಾನವನ್ನು ಇದ್ದದ್ದಕ್ಕಿಂತ ಕೆಳಗೆ ಊಹಿಸಿದ್ದರು. ತಮಗೆ ಸುಲಭವಾದದ್ದು ಎಲ್ಲರಿಗೂ ಸುಲಭವಾಗಿರುತ್ತದೆ ಎಂದು ಅವರು ಎಣಿಸಿದ್ದರು. ಉಳಿದವರ ಉತ್ತರಪತ್ರಿಕೆಗಳನ್ನು ಕೈಗೆ ಕೊಟ್ಟು ತಿದ್ದಲು ಹೇಳಿದಾಗ ಅವರ ಅಂದಾಜು ನಿಜಕ್ಕೆ ಹತ್ತಿರ ಬಂತು. ಕೆಳಗಿನವರು ಅವೇ ಪತ್ರಿಕೆಗಳನ್ನು ನೋಡಿದರೂ ತಮ್ಮ ಅಂದಾಜನ್ನು ತಿದ್ದಿಕೊಳ್ಳಲಿಲ್ಲ. ಅಂಥವರು ತಿದ್ದಿಕೊಳ್ಳಲು ಸಾಧ್ಯವಾದದ್ದು ಯಾವಾಗ ಗೊತ್ತೆ? ಇನ್ನೊಂದು ಪ್ರಯೋಗದಲ್ಲಿ, ತರ್ಕವನ್ನೇ ಸ್ವಲ್ಪ ಕಲಿಸಿಕೊಟ್ಟ ಮೇಲೆ. ಕಲಿತ ಮೇಲಷ್ಟೇ ‘ಓಹೋ, ಆಗ ನನಗೆ ಇದು ಬರುತ್ತಿರಲಿಲ್ಲ’ ಎಂಬುದು ಕಂಡಿತು. ತನ್ನ ಅಜ್ಞಾನವನ್ನು ನೋಡುವ ಕಣ್ಣು ಕಲಿಕೆಯಿಂದಲೇ ತೆರೆಯಬೇಕು. ಆದ್ದರಿಂದ ಯಾರನ್ನೂ ‘ನಿನಗೇನೂ ಗೊತ್ತಿಲ್ಲ’ ಎಂದು ಹಂಗಿಸಿ ವಿನಯವಂತರನ್ನಾಗಿ ಮಾಡಲಾಗುವುದಿಲ್ಲ. ಕಲಿಸಿದರೆ ವಿನಯ ತಾನಾಗಿ ಬರುತ್ತದೆ.

ಮೇಲಿನ ಗುಂಪಿನವರು ತಮ್ಮನ್ನು ಕಡಿಮೆ ಎಣಿಸಿಕೊಂಡರು ಎಂದೆನಲ್ಲ, ನಮ್ಮ ನಾಡಿನಲ್ಲಿ ಅದಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿ, ಹಳ್ಳಿಯಿಂದಲೋ ತಾಲ್ಲೂಕು ಪಟ್ಟಣದಿಂದಲೋ ಬೆಂಗಳೂರಿನ ಕಾಲೇಜಿಗೆ ಬರುವ ಹುಡುಗ ಹುಡುಗಿಯರನ್ನು ನೋಡುತ್ತ ಬಂದಿದ್ದೇನೆ. ಮೊದಲ ಕೆಲವು ವಾರಗಳಲ್ಲಿ ಪಕ್ಕದ ಬೆಂಚಿನವರು ಸರಾಗವಾಗಿ ಇಂಗ್ಲಿಷ್ ಮಾತಾಡುವುದನ್ನು ಕೇಳುತ್ತ ಕೇಳುತ್ತ ‘ಇವರಿಗೆ ಎಲ್ಲ ಬರುತ್ತದೆ, ನನಗೆ ಏನೂ ಬರುವುದಿಲ್ಲ’ ಎಂದು ತೀರ್ಮಾನಿಸಿಬಿಡುತ್ತಾರೆ. ಮೆಕ್ಯಾನಿಕ್ಸ್ ಲೆಕ್ಕವನ್ನು ಸರಿಯಾಗಿ ಬಿಡಿಸಿಟ್ಟುಕೊಂಡಿದ್ದರೂ ಉತ್ತರ ಹೇಳಲು ಏಳುವುದಿಲ್ಲ. ಮಕ್ಕಳೇ, ಭಾಷೆಯ ಸರಾಗತೆ ಒಂದು ಕೌಶಲ, ಲೆಕ್ಕ ಬಿಡಿಸುವುದು ಇನ್ನೊಂದು. ಒಂದರ ಕೊರತೆಯನ್ನು ಇನ್ನೊಂದರ ಲೆಕ್ಕಕ್ಕೆ ಬರೆಯುವುದು ವಿನಯವಲ್ಲ, ತಪ್ಪು ಅಳತೆ. ಇಂಗ್ಲಿಷ್ ಬಾರದಿದ್ದರೆ ‘ಇಂಗ್ಲಿಷ್ ಬಾರದು’ ಎಂದಷ್ಟೇ ಬರೆದುಕೊಂಡು ಕಲಿಯಲು ಶುರುಮಾಡಿ. ಅದರ ಮುಂದೆ ‘ನಾನು ದಡ್ಡ’ ಎಂದು ಸೇರಿಸುವ ಹಕ್ಕು ನಿಮಗಿಲ್ಲ.

ಹೆಣ್ಣುಮಕ್ಕಳಿಗೆ ಇದನ್ನು ಇನ್ನಷ್ಟು ಒತ್ತಿ ಹೇಳುತ್ತೇನೆ. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಝೇನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಓದಿನಲ್ಲಿ, ವೃತ್ತಿಯಲ್ಲಿ ದೊಡ್ಡ ಸಾಧನೆ ಮಾಡಿದ ಮಹಿಳೆಯರ ಬಗ್ಗೆ ಬರೆದರು. ಪದವಿ, ಮನ್ನಣೆ ಎಲ್ಲ ಇದ್ದರೂ ಅವರಿಗೆ ಒಳಗೊಳಗೇ ಒಂದು ಭಯ: ಇದೆಲ್ಲ ಅದೃಷ್ಟದಿಂದ ಬಂದದ್ದು, ಇಂದಲ್ಲ ನಾಳೆ ನನ್ನ ಬಂಡವಾಳ ಬಯಲಾಗುತ್ತದೆ ಎಂದು. ಆ ಭಯ ಗಂಡಸರಿಗೂ ಇರುತ್ತದೆ ಎಂದು ಮುಂದೆ ತಿಳಿದುಬಂತು. ಆದರೆ ಬಾಲ್ಯದಿಂದಲೇ ದನಿ ತಗ್ಗಿಸಲು ಕಲಿತ ಹೆಣ್ಣುಮಗಳು ಅದನ್ನು ಒಳ್ಳೆಯ ಗುಣವೆಂದೇ ತಿಳಿದು ಸಾಕಿಕೊಳ್ಳುವ ಅಪಾಯ ಹೆಚ್ಚು. ನಿಮ್ಮ ಅಂಕ ನಿಮ್ಮದು. ಅದನ್ನು ಅದೃಷ್ಟದ ಹೆಸರಿಗೆ ಬರೆದುಕೊಡಬೇಡಿ.

ಹಾಗಾದರೆ ವಿನಯ ಯಾವುದು? ಅಂಗಡಿಯ ತಕ್ಕಡಿಯನ್ನು ನೋಡಿ. ಅದು ಸರಿಯಾದ ತೂಕ ತೋರಿಸಬೇಕಾದರೆ ಯಾವ ತಟ್ಟೆಯ ಮೇಲೂ ಬೆರಳಿರಬಾರದು. ಗರ್ವ ಒಂದು ತಟ್ಟೆಯನ್ನು ಒತ್ತುತ್ತದೆ, ಭಯ ಇನ್ನೊಂದನ್ನು ಒತ್ತುತ್ತದೆ. ಎರಡೂ ಬೆರಳುಗಳನ್ನು ತೆಗೆಯುವುದು ವಿನಯ. ಆಮೇಲೆ ತೂಕ ಹೆಚ್ಚು ಬಂದರೂ ವಿನಯವಂತ ಒಪ್ಪುತ್ತಾನೆ, ಕಡಿಮೆ ಬಂದರೂ ಒಪ್ಪುತ್ತಾನೆ.

ವ್ಯಕ್ತಿತ್ವವನ್ನು ಅಧ್ಯಯನ ಮಾಡುವವರು ಹೇಳುವುದೂ ಇದಕ್ಕೆ ಹತ್ತಿರವಾಗಿದೆ. ಕೆನಡಾದ ಕಿಬೊಮ್ ಲೀ ಮತ್ತು ಮೈಕೆಲ್ ಆಶ್ಟನ್ ಎಂಬ ಸಂಶೋಧಕರು ಹೆಕ್ಸಾಕೊ ಎಂಬ ಮಾದರಿಯನ್ನು ರೂಪಿಸಿದ್ದಾರೆ. ಮನುಷ್ಯನ ಸ್ವಭಾವವನ್ನು ಆರು ದೊಡ್ಡ ಗುಣಗಳಲ್ಲಿ ಅಳೆಯುವ ಮಾದರಿ ಅದು. ಆ ಆರರಲ್ಲಿ ಒಂದು ‘ಪ್ರಾಮಾಣಿಕತೆ–ವಿನಯ’. ಎರಡನ್ನೂ ಒಂದೇ ಹೆಸರಿನಡಿ ಇಟ್ಟಿದ್ದಾರೆ, ಏಕೆಂದರೆ ಒಂದಿರುವ ಕಡೆ ಇನ್ನೊಂದೂ ಇರುವ ಸಾಧ್ಯತೆ ಹೆಚ್ಚೆಂದು ಅವರು ಕಂಡುಕೊಂಡಿದ್ದಾರೆ. ಕಪಟವಿಲ್ಲದ ನಡವಳಿಕೆ, ನ್ಯಾಯಬುದ್ಧಿ, ದುರಾಸೆಯಿಲ್ಲದಿರುವುದು ಮತ್ತು ನಮ್ರತೆ, ಈ ನಾಲ್ಕು ಸೇರಿ ಆ ಗುಣವಾಗುತ್ತದೆ. ಇಲ್ಲಿ ನಮ್ರತೆಯನ್ನು ಹೇಗೆ ಗುರುತಿಸುತ್ತಾರೆಂದು ಗಮನಿಸಿ. ‘ನನಗೆ ಏನೂ ಬಾರದು’ ಎಂದು ಹೇಳಿಕೊಳ್ಳುವವನಿಗೆ ಹೆಚ್ಚು ಅಂಕ ಸಿಗುವುದಿಲ್ಲ. ತಾನು ಎಲ್ಲರಂತೆ ಒಬ್ಬ ಮನುಷ್ಯ, ತನಗೆ ವಿಶೇಷ ಸವಲತ್ತು ಸಲ್ಲಬೇಕಿಲ್ಲ ಎಂದು ನಂಬುವವನಿಗೆ ಸಿಗುತ್ತದೆ. ಅಂದರೆ ಒಬ್ಬ ಸರ್ಜನ್ ತಾನು ಊರಿನಲ್ಲೇ ಒಳ್ಳೆಯ ಸರ್ಜನ್ ಎಂದು ತಿಳಿದಿದ್ದೂ ವಿನಯವಂತನಾಗಿರಬಹುದು. ಆ ಕಾರಣಕ್ಕೆ ಶಸ್ತ್ರಚಿಕಿತ್ಸೆಗೆ ಮುಂಚೆ ಎಲ್ಲರಂತೆ ಪಟ್ಟಿ ಹಿಡಿದು ಪರಿಶೀಲಿಸುವ ನಿಯಮ ತನಗೆ ಬೇಡ ಎಂದಾಗ ವಿನಯ ತಪ್ಪುತ್ತದೆ.

ಈ ವ್ಯತ್ಯಾಸ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ನಮ್ಮ ಸಿವಿಲ್ ಎಂಜಿನಿಯರಿಂಗ್ ಚರಿತ್ರೆಯಲ್ಲಿ ಒಂದು ಘಟನೆಯಿದೆ. ಕೆನಡಾದ ಕ್ವಿಬೆಕ್ ನಗರದ ಬಳಿ ಸೇಂಟ್ ಲಾರೆನ್ಸ್ ನದಿಗೆ ರೈಲು ಸೇತುವೆಯೊಂದನ್ನು ಕಟ್ಟುತ್ತಿದ್ದರು. ಸಲಹಾ ಎಂಜಿನಿಯರ್ ಥಿಯೊಡೋರ್ ಕೂಪರ್. ಅಮೆರಿಕದ ಸೇತುವೆ ತಜ್ಞರಲ್ಲಿ ಅಗ್ರಗಣ್ಯ, ಈ ಸೇತುವೆ ತನ್ನ ವೃತ್ತಿಜೀವನಕ್ಕೆ ಕಳಶವಾಗಬೇಕೆಂದು ಬಯಸಿದವನು. ಕಂಬಗಳ ನಡುವಿನ ಅಂತರವನ್ನು 1,600 ಅಡಿಯಿಂದ 1,800 ಅಡಿಗೆ ಹೆಚ್ಚಿಸಿದ. ಅಂತರ ಹೆಚ್ಚಿದಾಗ ಸೇತುವೆಯ ಸ್ವಂತ ಭಾರವೂ ಹೆಚ್ಚುತ್ತದೆ. ಆ ಭಾರವನ್ನು ಹೊಸದಾಗಿ ಸರಿಯಾಗಿ ಲೆಕ್ಕ ಹಾಕಲಿಲ್ಲ. ನಕ್ಷೆಗಳನ್ನು ಇನ್ನೊಬ್ಬ ಸ್ವತಂತ್ರ ಎಂಜಿನಿಯರ್ ಪರಿಶೀಲಿಸಲಿ ಎಂಬ ಸಲಹೆ ಸರ್ಕಾರದ ಕಡೆಯಿಂದ ಬಂತು. ಅದರಿಂದ ತಾನು ಇನ್ನೊಬ್ಬರ ಕೈಕೆಳಗಿನವನಾಗುತ್ತೇನೆಂದು ಕೂಪರ್ ಅದನ್ನು ತಡೆದ. ಆರೋಗ್ಯ ಸರಿಯಿಲ್ಲದೆ ನ್ಯೂಯಾರ್ಕಿನಿಂದಲೇ ಕೆಲಸ ನಡೆಸಿದ. ಉಕ್ಕಿನ ಕಟ್ಟಡ ಮೇಲೇಳುವಾಗ ಸ್ಥಳಕ್ಕೆ ಹೋಗಲಿಲ್ಲ.

1907ರ ಆಗಸ್ಟಿನಲ್ಲಿ ಕೆಳಭಾಗದ ಉಕ್ಕಿನ ತೊಲೆಗಳು ಬಾಗುತ್ತಿರುವುದು ಸ್ಥಳದಲ್ಲಿದ್ದವರ ಕಣ್ಣಿಗೆ ಬಿತ್ತು. ನಾರ್ಮನ್ ಮೆಕ್ಲೂರ್ ಎಂಬ ಯುವ ಎಂಜಿನಿಯರ್ ಆ ಸುದ್ದಿ ಹೊತ್ತು ನ್ಯೂಯಾರ್ಕಿಗೆ ಹೋದ. ಇನ್ನು ಭಾರ ಹೇರಬೇಡಿ ಎಂದು ಕೂಪರ್ ಸೇತುವೆ ಕಟ್ಟುತ್ತಿದ್ದ ಕಂಪನಿಗೆ ತಂತಿ ಕಳಿಸಿದ. ಆ ಎಚ್ಚರಿಕೆ ಸ್ಥಳದಲ್ಲಿದ್ದ ಕೆಲಸಗಾರರನ್ನು ಕೆಳಗಿಳಿಸುವ ಮೊದಲೇ, ಆಗಸ್ಟ್ 29ರ ಸಂಜೆ ಕೆಲಸ ಬಿಡುವ ಹೊತ್ತಿಗೆ, ಸೇತುವೆಯ ದಕ್ಷಿಣದ ತೋಳು ನದಿಗೆ ಕುಸಿಯಿತು. ಮೇಲಿದ್ದ 86 ಮಂದಿಯಲ್ಲಿ 75 ಮಂದಿ ಸತ್ತರು. ಅವರಲ್ಲಿ ಮೂವತ್ತಕ್ಕೂ ಹೆಚ್ಚು ಜನ ಕಾನವಾಗೆ ಎಂಬ ಒಂದೇ ಊರಿನ ಮೊಹಾಕ್ ಸಮುದಾಯದವರು.

ಮರುವರ್ಷ ವರದಿ ಕೊಟ್ಟ ತನಿಖಾ ಆಯೋಗ ಹೇಳಿದ್ದರ ತಾತ್ಪರ್ಯವನ್ನು ನೀವು ನೆನಪಿಡಬೇಕು. ಈ ತಪ್ಪು ಸಾಮಾನ್ಯ ವೃತ್ತಿಜ್ಞಾನದ ಕೊರತೆಯಿಂದ ಆದದ್ದಲ್ಲ, ಕರ್ತವ್ಯದ ಅಲಕ್ಷ್ಯದಿಂದಲೂ ಅಲ್ಲ, ಹಣ ಉಳಿಸುವ ಆಸೆಯಿಂದಲೂ ಅಲ್ಲ. ಕೂಪರ್ ಮತ್ತು ಕಂಪನಿಯ ವಿನ್ಯಾಸ ಎಂಜಿನಿಯರ್ ಇಬ್ಬರ ಸಾಮರ್ಥ್ಯವೂ ಆ ಕಾಲದ ಅತಿ ಕಠಿಣ ಸಮಸ್ಯೆಯೊಂದರ ಎದುರು ಪರೀಕ್ಷೆಗೆ ಒಳಗಾಯಿತು, ಸಾಲದಾಯಿತು. ಸಾಮರ್ಥ್ಯ ಸಾಲದೆ ಹೋಗುವುದು ಅಪರಾಧವಲ್ಲ. ಎಂಥ ಪಂಡಿತನಿಗೂ ಒಂದು ಎಲ್ಲೆಯಿದೆ. ಆ ಎಲ್ಲೆ ಎಲ್ಲಿದೆಯೆಂದು ತೋರಿಸಬಲ್ಲ ಇನ್ನೊಂದು ಕಣ್ಣನ್ನು ಬೇಡ ಎಂದದ್ದು ಕೂಪರನ ದುರಂತ. ಜ್ಞಾನ ಹೆಚ್ಚಿದಷ್ಟೂ ಆ ಇನ್ನೊಂದು ಕಣ್ಣು ಬೇಕು, ಯಾಕೆಂದರೆ ದೊಡ್ಡವರಾದಂತೆ ನಮ್ಮನ್ನು ತಿದ್ದುವ ಧೈರ್ಯ ಸುತ್ತಲಿನವರಲ್ಲಿ ಕಡಿಮೆಯಾಗುತ್ತ ಹೋಗುತ್ತದೆ.

ಇದಕ್ಕೆ ಎದುರಾಗಿ ನಮ್ಮ ಧಾರವಾಡದ ಗಾಯಕ ಮಲ್ಲಿಕಾರ್ಜುನ ಮನ್ಸೂರರನ್ನು ನೆನೆಯುತ್ತೇನೆ. 1910ರಲ್ಲಿ ಧಾರವಾಡದ ಪಕ್ಕದ ಮನ್ಸೂರಿನಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿ ಹಾಡಿ, ಮೀರಜಿನಲ್ಲಿ ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಘರಾನೆಯ ಶಿಕ್ಷಣ ಪಡೆದರು. ಗ್ರಾಮಫೋನ್ ತಟ್ಟೆಗಳು ಬಂದವು, ಹೆಸರಾಯಿತು. ಅಷ್ಟಾದ ಮೇಲೆ ಅವರು ಮತ್ತೆ ಶಿಷ್ಯರಾದರು. ಜೈಪುರ–ಅತ್ರೌಲಿ ಘರಾನೆಯ ಮಹಾಗುರು ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಮುಂದೆ ಹೊಸದಾಗಿ ಕಲಿಯಲು ಕುಳಿತರು. 1937ರಲ್ಲಿ ಗುರುಗಳು ತೀರಿಕೊಂಡಾಗ ‘ಇಷ್ಟು ಸಾಕು’ ಎನ್ನದೆ ಅವರ ತಮ್ಮ ಬುರ್ಜಿ ಖಾನರಲ್ಲಿ ಮುಂದುವರಿಸಿದರು. ಅಪರೂಪದ ಜೋಡು ರಾಗಗಳು, ಹೆಣೆದುಕೊಂಡು ಓಡುವ ತಾನುಗಳು ಆ ಪರಂಪರೆಯ ಸಂಪತ್ತು. ಮುಂದೆ ಮನ್ಸೂರರ ಹೆಸರು ಅವುಗಳೊಂದಿಗೇ ಸೇರಿಕೊಂಡಿತು.

ಅವರು ತಮ್ಮನ್ನು ಕೆಟ್ಟ ಹಾಡುಗಾರನೆಂದು ಬಗೆದು ಮಂಜಿ ಖಾನರ ಬಳಿ ಹೋಗಿರಲಾರರು. ಸಭೆಯಲ್ಲಿ ಕುಳಿತು ಹಾಡಿ ಮೆಚ್ಚುಗೆ ಪಡೆದವರಿಗೆ ತಮ್ಮ ಕಂಠದ ಶಕ್ತಿ ತಿಳಿದೇ ಇರುತ್ತದೆ. ತಮಗೆ ಬರುವುದರ ಆಚೆಗೆ ಇನ್ನೂ ಏನಿದೆ ಎಂಬುದು ಅವರಿಗೆ ಕೇಳಿಸಿತು. ಕೇಳಿಸುವಷ್ಟು ಸಂಗೀತ ಅವರಲ್ಲಿ ಆಗಲೇ ಇತ್ತು. ಕಾರ್ನೆಲ್ಲಿನ ಸಂಶೋಧಕರು ಮುಂದೆಂದೋ ಹೇಳಿದ್ದು ಇದೇ ಅಲ್ಲವೆ: ಕೊರತೆಯನ್ನು ಕಾಣುವುದಕ್ಕೂ ಸಾಕಷ್ಟು ಕಲಿತಿರಬೇಕು. ಹೆಸರು ಬಂದ ಮೇಲೂ ಪಾಠಕ್ಕೆ ಕೂರಲು ಮಾತ್ರ ಕಲಿಕೆಯೊಂದೇ ಸಾಲದು, ಸ್ವಭಾವವೂ ಬೇಕು.

ಈ ಸ್ವಭಾವ ಹುಟ್ಟಿನಿಂದ ಬರುವಂಥದ್ದು, ನಮಗಿಲ್ಲದಿದ್ದರೆ ಏನು ಮಾಡುವುದು ಎಂದು ಕೇಳಬಹುದು. ಸ್ವಭಾವದಲ್ಲಿ ಅಭ್ಯಾಸದ ಪಾಲೂ ಇದೆ. ಇವತ್ತಿನಿಂದಲೇ ಹಿಡಿಯಬಹುದಾದ ಕೆಲವು ಅಭ್ಯಾಸಗಳನ್ನು ಹೇಳುತ್ತೇನೆ.

ಪರೀಕ್ಷೆ ಬರೆದು ಹೊರಬಂದ ಕೂಡಲೇ ನಿಮಗೆ ಎಷ್ಟು ಅಂಕ ಬರಬಹುದು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಫಲಿತಾಂಶ ಬಂದ ಮೇಲೆ ಪಕ್ಕದಲ್ಲಿ ನಿಜವಾದ ಅಂಕ ಬರೆಯಿರಿ. ಕೆಲಸಕ್ಕೆ ಸೇರಿದ ಮೇಲೆ ‘ಇದು ಮೂರು ದಿನದ ಕೆಲಸ’ ಎಂದು ಒಪ್ಪಿಕೊಂಡದ್ದಕ್ಕೆ ಎಷ್ಟು ದಿನ ಹಿಡಿಯಿತೆಂದು ಹಾಗೆಯೇ ಬರೆಯಿರಿ. ನೀವು ಯಾವ ಕಡೆಗೆ ವಾಲುತ್ತೀರಿ ಎಂಬುದು ಆ ಎರಡು ಸಾಲುಗಳಿಂದ ತಿಳಿಯುತ್ತದೆ. ಯಾವಾಗಲೂ ಹೆಚ್ಚು ಊಹಿಸುವವರಿಗೂ ಯಾವಾಗಲೂ ಕಡಿಮೆ ಊಹಿಸುವವರಿಗೂ ಬೇಕಾದ ಬುದ್ಧಿವಾದ ಬೇರೆ ಬೇರೆ. ನಿಮಗೆ ಯಾವುದು ಬೇಕೆಂದು ಆ ಪುಸ್ತಕ ಹೇಳುತ್ತದೆ, ನನ್ನಂಥ ಹಿರಿಯರಲ್ಲ.

ಯಾವುದಾದರೂ ಅರ್ಥವಾಯಿತು ಅನ್ನಿಸಿದಾಗ, ಅದನ್ನು ತಿಳಿಯದ ಒಬ್ಬರಿಗೆ ಹಂತ ಹಂತವಾಗಿ ಕನ್ನಡದಲ್ಲಿ ವಿವರಿಸಿ ನೋಡಿ. ಯೇಲ್ ವಿಶ್ವವಿದ್ಯಾಲಯದ ಲಿಯೊನಿಡ್ ರೋಝೆನ್‌ಬ್ಲಿಟ್ ಮತ್ತು ಫ್ರಾಂಕ್ ಕೀಲ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಿಪ್, ಬೀಗ ಮುಂತಾದ ದಿನಬಳಕೆಯ ವಸ್ತುಗಳು ಕೆಲಸ ಮಾಡುವುದು ಹೇಗೆಂದು ನಿಮಗೆ ಎಷ್ಟು ಗೊತ್ತು ಎಂದು ಜನರನ್ನು ಕೇಳಿದ್ದರು. ಜನ ತಮಗೆ ತಾವೇ ಧಾರಾಳವಾಗಿ ಅಂಕ ಕೊಟ್ಟುಕೊಂಡರು. ವಿವರವಾಗಿ ಬರೆದು ತೋರಿಸಿ ಎಂದ ಮೇಲೆ ತಾವೇ ಆ ಅಂಕವನ್ನು ಇಳಿಸಿದರು. ಬೈಯುವ ಮೇಷ್ಟ್ರು ಬೇಕಾಗಲಿಲ್ಲ, ವಿವರಿಸುವ ಪ್ರಯತ್ನವೇ ಸಾಕಾಯಿತು. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ ವ್ಯಾಖ್ಯೆಯನ್ನು ಮನೆಮಾತಿನಲ್ಲಿ ಹೇಳಲು ಹೊರಟಾಗ ಎಲ್ಲಿ ತಡವರಿಸುತ್ತೀರೋ ಅಲ್ಲಿಂದ ಓದು ಶುರುಮಾಡಿ.

ಮೂರನೆಯದು ಚಾರ್ಲ್ಸ್ ಡಾರ್ವಿನ್ನನ ಅಭ್ಯಾಸ. ತನ್ನ ಸಿದ್ಧಾಂತಕ್ಕೆ ವಿರುದ್ಧವಾದ ಸಂಗತಿಯೋ ಯೋಚನೆಯೋ ಎದುರಾದರೆ ಅದನ್ನು ತಕ್ಷಣ ಬರೆದಿಟ್ಟುಕೊಳ್ಳುತ್ತಿದ್ದೆ ಎಂದು ಆತ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಅನುಕೂಲವಾದದ್ದಕ್ಕಿಂತ ಪ್ರತಿಕೂಲವಾದದ್ದು ಬೇಗ ಮರೆತುಹೋಗುತ್ತದೆ ಎಂಬುದು ಅವನ ಅನುಭವ. ನಿಮ್ಮ ಬಗ್ಗೆ ಬಂದ ಹೊಗಳಿಕೆಯನ್ನು ಮನಸ್ಸು ತಾನೇ ಕಾಪಾಡುತ್ತದೆ. ಸರಿಯಾದ ಟೀಕೆಯನ್ನು ಕಾಗದದ ಮೇಲಿಡಿ. ತಮ್ಮನ್ನು ಕಡಿಮೆ ಎಣಿಸುವವರು ಇದನ್ನು ತಿರುಗಿಸಿ ಮಾಡಬೇಕು, ಏಕೆಂದರೆ ಅವರಿಗೆ ಮರೆತುಹೋಗುವುದು ಗೆಲುವು.

ಕೊನೆಯದಾಗಿ, ಸಂದರ್ಶನದಲ್ಲೂ ಕೆಲಸದಲ್ಲೂ ಮೂರು ಉತ್ತರಗಳನ್ನು ನಾಚಿಕೆಯಿಲ್ಲದೆ ಬಳಸಿ: ‘ಇದು ನನಗೆ ಬರುತ್ತದೆ’, ‘ಇದು ಇಷ್ಟರ ಮಟ್ಟಿಗೆ ಬರುತ್ತದೆ’, ‘ಇದು ಬರುವುದಿಲ್ಲ, ಕಲಿಯುತ್ತೇನೆ’. ಸಂದರ್ಶಕರ ಕುರ್ಚಿಯಲ್ಲಿ ಕುಳಿತು ನೋಡಿದ್ದೇನೆ. ಮೂರನೆಯ ಉತ್ತರವನ್ನು ನೇರವಾಗಿ ಹೇಳುವ ಅಭ್ಯರ್ಥಿಯ ಮೊದಲನೆಯ ಉತ್ತರಕ್ಕೆ ಬೆಲೆ ಬರುತ್ತದೆ. ಎಲ್ಲದಕ್ಕೂ ‘ಬರುತ್ತದೆ’ ಎನ್ನುವವನ ಯಾವ ಮಾತನ್ನು ನಂಬಬೇಕೆಂದು ತಿಳಿಯುವುದಿಲ್ಲ.

ನಮ್ಮ ರಾಹುಲ್ ದ್ರಾವಿಡ್ ನಡೆದುಕೊಂಡ ರೀತಿಯನ್ನು ನೋಡಿ. ಟೆಸ್ಟ್ ಪಂದ್ಯಗಳಲ್ಲಿ 13,288 ರನ್ ಗಳಿಸಿದ ಅವರಿಗೆ 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡಲು ಮುಂದಾಯಿತು. ಅವರು ಕೃತಜ್ಞತೆ ಹೇಳಿ, ಕ್ರೀಡಾ ಕ್ಷೇತ್ರದಲ್ಲಿ ಸಂಶೋಧನೆ ಮಾಡಿ ಆ ಪದವಿಯನ್ನು ಗಳಿಸಲು ಬಯಸುವುದಾಗಿ ತಿಳಿಸಿ ಅದನ್ನು ಸ್ವೀಕರಿಸಲಿಲ್ಲ. ಆ ರನ್‌ಗಳು ತಮ್ಮವಲ್ಲ ಎಂದು ಅವರೇನೂ ಹೇಳಲಿಲ್ಲ. ಬ್ಯಾಟಿನಿಂದ ಗಳಿಸಿದ್ದನ್ನು ತಮ್ಮದೆಂದು ಇಟ್ಟುಕೊಂಡರು, ಪುಸ್ತಕದಿಂದ ಇನ್ನೂ ಗಳಿಸದಿದ್ದುದನ್ನು ಬಿಟ್ಟುಕೊಟ್ಟರು.

ಬರುವುದನ್ನು ಬರುತ್ತದೆ ಎಂದು ಹೇಳದಿರುವುದು ಒಳ್ಳೆಯತನವೆಂದು ತಿಳಿಯಬೇಡಿ. ‘ಅಯ್ಯೋ, ನನಗೇನು ಗೊತ್ತು’ ಎಂದು ಹಿಂದೆ ಸರಿದರೆ ಹೊಗಳಿಕೆ ಸಿಗುತ್ತದೆ, ಜವಾಬ್ದಾರಿಯೂ ತಪ್ಪುತ್ತದೆ. ಆದರೆ ಲೆಕ್ಕದಲ್ಲಿ ತಪ್ಪಿರುವುದು ನಿಮಗೆ ಕಂಡೂ, ‘ನನಗಿಂತ ದೊಡ್ಡವರು ಮಾಡಿದ್ದು’ ಎಂದು ಸುಮ್ಮನಿದ್ದರೆ ಆ ಮೌನಕ್ಕೆ ವಿನಯದ ಹೆಸರು ಒಪ್ಪುವುದಿಲ್ಲ. ತೊಲೆ ಬಾಗಿದೆ ಎಂದು ದೇಶದ ದೊಡ್ಡ ತಜ್ಞನ ಎದುರು ಹೋಗಿ ನಿಂತ ಮೆಕ್ಲೂರ್ ಕಿರಿಯನೇ. ತಾನು ಕಂಡದ್ದರ ಮೇಲೆ ಅವನಿಗೆ ನಂಬಿಕೆಯಿತ್ತು. ಕಿರಿಯರು ಕಂಡದ್ದನ್ನು ಹೇಳುವುದು, ಹಿರಿಯರು ಅದನ್ನು ಹೊತ್ತಿಗೆ ಸರಿಯಾಗಿ ಕೇಳುವುದು, ಎರಡೂ ಸೇರಿದರೇ ಕೆಲಸ ಕೆಡದೆ ಉಳಿಯುತ್ತದೆ.

ನಾಳೆ ನಿಮ್ಮಲ್ಲಿ ಒಬ್ಬರು ಔಷಧಿಯ ಪ್ರಮಾಣ ಬರೆಯುತ್ತೀರಿ, ಒಬ್ಬರು ಕಟ್ಟಡದ ಕಂಬಕ್ಕೆ ಕಬ್ಬಿಣ ಲೆಕ್ಕ ಹಾಕುತ್ತೀರಿ, ಒಬ್ಬರು ನಲವತ್ತು ಮಕ್ಕಳ ಮುಂದೆ ನಿಂತು ಪಾಠ ಹೇಳುತ್ತೀರಿ. ನಿಮ್ಮನ್ನು ನಂಬಿ ಬರುವ ಆ ಜನರಿಗೆ ನಿಮ್ಮ ಸಾಮರ್ಥ್ಯವನ್ನು ಅಳೆದು ನೋಡುವ ದಾರಿಯಿಲ್ಲ. ಅವರ ಪರವಾಗಿ ಅಳೆಯಬೇಕಾದವರು ನೀವೇ. ಹಾಗಾಗಿ ನಿಮ್ಮ ಶಕ್ತಿಯನ್ನು ಇದ್ದಷ್ಟು ಹೇಳಿ, ಇರುವಷ್ಟನ್ನೂ ಪೂರ್ತಿ ಕೊಡಿ, ಅದು ಸಾಲದ ಕಡೆ ತಡಮಾಡದೆ ಇನ್ನೊಬ್ಬರನ್ನು ಕರೆಯಿರಿ.